ಪಾಯಿಂಟ್-ಸ್ಲೋಪ್ ಮತ್ತು ಭಾಸ್ಕರಾಚಾರ್ಯರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಾವೆಲ್ಲ ಪಾಯಿಂಟ್-ಸ್ಲೋಪ್ ಫಾರ್ಮುಲಾವನ್ನು ಸಿಇಟಿಗಾಗಿ ಬಾಯಿಪಾಠ ಮಾಡಿದವರೇ. ಅದರ ಒಳಗಿನ ಲೆಕ್ಕ 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರಿಗೆ ಗೊತ್ತಿತ್ತು.

ಅವರು ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. ತಮ್ಮ ಊರು ವಿಜ್ಜಡವಿಡ ಅಂತ ಬರೆದುಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಅಂತಾರೆ ಕೆಲವರು. ಮಹಾರಾಷ್ಟ್ರದಲ್ಲಿದೆ ಅಂತಾರೆ ಇನ್ನು ಕೆಲವರು. 36ನೇ ವಯಸ್ಸಿಗೆ, 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಬರೆದರು.

ಅದರ ಜ್ಯಾ ಕೋಷ್ಟಕ, ಅಂದ್ರೆ ಸೈನ್ ಟೇಬಲ್‌ನಲ್ಲಿ, ಇರೋದು 24 ಬೆಲೆಗಳಷ್ಟೇ. ಕೋನದ ಅಳತೆ ಕಲೆ. 60 ಕಲೆಗೆ ಒಂದು ಡಿಗ್ರಿ. 225 ಕಲೆಗೆ ಜ್ಯಾ 225, 450 ಕಲೆಗೆ 449. ನಡುವಿನ 300 ಕಲೆಗೆ ಎಷ್ಟು? ಗೊತ್ತಿರುವ ಬಿಂದುವಿನ ಬೆಲೆ 225, ಸ್ಲೋಪ್ 224/225, ಮುಂದೆ ಹೋಗಿದ್ದು 75. ಗುಣಿಸಿದರೆ 74.67, ಕೂಡಿಸಿದರೆ 299.67. ಅವರು ಇದನ್ನು ತ್ರೈರಾಶಿಕದಿಂದ ಮಾಡಿದರು. ಅಕ್ಷಗಳಿಟ್ಟು ಗೆರೆಗೆ ಸಮೀಕರಣ ಬರೆಯೋದು 1637ರಲ್ಲಿ ದೆಕಾರ್ತ್ ಪುಸ್ತಕ ಬಂದ ಮೇಲಿನ ಮಾತು.

1183ರಲ್ಲಿ, ಸುಮಾರು 69ನೇ ವಯಸ್ಸಿಗೆ, ‘ಕರಣಕುತೂಹಲ’ ಬರೆದರು. 1207ರಲ್ಲಿ ಮೊಮ್ಮಗ ಚಾಂಗದೇವ ಅವರ ಗ್ರಂಥಗಳನ್ನು ಕಲಿಸಲೆಂದೇ ಪಾಟಣದಲ್ಲಿ ಮಠ ಮಾಡಿಸಿದ.

ಅವರು ನಮ್ಮೂರಿನವರೋ ಅಲ್ಲವೋ ಅನ್ನೋ ವಾದ ಇರಲಿ. ಬಾಯಿಪಾಠ ಬಿಟ್ಟು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡೋಣ. ಆಗ ಅವರು ನಮ್ಮವರೇ.