ಬೇಲಿಯೊಳಗಿನ ಜೀವಕ್ಕೆ ಅಭಯ: ಜಗದ್ಗುರು ಹೀರವಿಜಯ ಸೂರಿ

ಮೊಘಲ್ ಚಕ್ರವರ್ತಿ ಅಕ್ಬರನಿಂದ ಜಗದ್ಗುರು ಎಂಬ ಬಿರುದು ಪಡೆದ ಆಚಾರ್ಯ ಶ್ರೀ ಹೀರವಿಜಯ ಸೂರಿಗಳು ಶ್ವೇತಾಂಬರ ಪರಂಪರೆಯ ತಪಾಗಚ್ಛದ ನಾಯಕರಾಗಿದ್ದವರು. ದಿಗಂಬರ ಸಮಾಜವೇ ಹೆಚ್ಚಾಗಿರುವ ಕರ್ನಾಟಕದಲ್ಲಿ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಅವರು ಚಕ್ರವರ್ತಿಯ ಮುಂದೆ ಇಟ್ಟ ಬೇಡಿಕೆ ಎಲ್ಲ ಜೈನರಿಗೂ ಸೇರಿದ್ದು.

ಬಾಲ್ಯ ಮತ್ತು ದೀಕ್ಷೆ

ಅವರು ಜನಿಸಿದ್ದು ಗುಜರಾತಿನ ಪಾಲನಪುರದಲ್ಲಿ, ಕ್ರಿ.ಶ. 1526ರಲ್ಲಿ, ಓಸವಾಲ ಮನೆತನದಲ್ಲಿ. ಬಾಲ್ಯದ ಹೆಸರು ಹೀರಜಿ. ಸುಮಾರು 13ನೆಯ ವಯಸ್ಸಿನಲ್ಲಿ ಪಾಟಣದಲ್ಲಿ ಆಚಾರ್ಯ ವಿಜಯದಾನ ಸೂರಿಗಳಿಂದ ಮುನಿದೀಕ್ಷೆ ಪಡೆದು ಹೀರಹರ್ಷ ಮುನಿಗಳಾದರು. ನ್ಯಾಯಶಾಸ್ತ್ರದ ಅಧ್ಯಯನಕ್ಕಾಗಿ ದೇವಗಿರಿಗೆ ಹೋದರು. ವಿಕ್ರಮ ಸಂವತ್ 1610ರಲ್ಲಿ ರಾಜಸ್ಥಾನದ ಸಿರೋಹಿಯಲ್ಲಿ ಅವರಿಗೆ ಆಚಾರ್ಯ ಪದವಿ ದೊರೆಯಿತು. ಅಂದಿನಿಂದ ಹೀರವಿಜಯ ಸೂರಿ ಎಂದು ಪ್ರಸಿದ್ಧರಾದರು.

ತಪ್ಪಿಸಿಕೊಳ್ಳಲು ದಾರಿಯಿಲ್ಲದ ಬೇಟೆ

ಆಗ ಮೊಘಲ್ ಅರಸರಿಗೆ ಅತಿ ಪ್ರಿಯವಾದ ಬೇಟೆಯ ವಿಧಾನಕ್ಕೆ ಕಮರ್ಗಾ ಎಂದು ಹೆಸರು. ಸಾವಿರಾರು ಜನ ಕಾಡನ್ನು ದೊಡ್ಡ ವೃತ್ತವಾಗಿ ಸುತ್ತುವರಿದು, ಗದ್ದಲ ಮಾಡುತ್ತ, ದಿನದಿಂದ ದಿನಕ್ಕೆ ವೃತ್ತವನ್ನು ಕಿರಿದುಗೊಳಿಸುತ್ತಿದ್ದರು. ಜಿಂಕೆ, ಮೊಲ, ನರಿ, ಚಿರತೆ ಎಲ್ಲವೂ ಒಂದೇ ಆವರಣದೊಳಗೆ ಸಿಕ್ಕಿಬೀಳುತ್ತಿದ್ದವು. ಮೊದಲು ಅರಸ ಒಳಗೆ ಹೋಗಿ ಬೇಟೆಯಾಡಬೇಕು. ಅನಂತರ ಸರದಾರರು, ಕೊನೆಗೆ ಸೈನಿಕರು. 1567ರಲ್ಲಿ ಲಾಹೋರಿನ ಬಳಿ ನಡೆದ ಇಂಥ ಬೇಟೆಗೆ ಸುಮಾರು 50,000 ಜನ ಒಂದು ತಿಂಗಳ ಕಾಲ ಪ್ರಾಣಿಗಳನ್ನು ಅಟ್ಟಿ ತಂದರು. ಅಕ್ಬರ್ ಐದು ದಿನ ಬೇಟೆಯಾಡಿದ. ಆ ದೃಶ್ಯವನ್ನು ಆಸ್ಥಾನದ ಕಲಾವಿದ ಮಿಸ್ಕೀನ ಅಕ್ಬರ್‌ನಾಮಾ ಗ್ರಂಥಕ್ಕೆ ಚಿತ್ರಿಸಿದ್ದಾನೆ. ಚಿತ್ರದಲ್ಲಿ ಬೇಲಿಯ ಒಳಗೆ ಪ್ರಾಣಿಗಳು ದಿಕ್ಕುಗಾಣದೆ ಓಡುತ್ತಿವೆ.

ಬೇಟೆ ಕ್ಷತ್ರಿಯರ ಶೌರ್ಯದ ಪರೀಕ್ಷೆ, ಯುದ್ಧದ ಅಭ್ಯಾಸ ಎಂದು ಸಮರ್ಥಿಸುವವರು ಎಲ್ಲ ಕಾಲದಲ್ಲೂ ಇದ್ದರು. ಆದರೆ ಓಡುವ ದಾರಿಯನ್ನೇ ಮುಚ್ಚಿದ ಮೇಲೆ ಪರೀಕ್ಷೆ ಯಾರಿಗೆ? ಜೈನಧರ್ಮ ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸುತ್ತದೆ. ಬೇಕೆಂದೇ ಮಾಡುವ ಕೊಲೆಯಾದ್ದರಿಂದ ಅದು ಸಂಕಲ್ಪಿ ಹಿಂಸೆ. ಅಷ್ಟೇ ಅಲ್ಲ, ತತ್ತ್ವಾರ್ಥಸೂತ್ರ ಹೇಳುವ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಅಂದರೆ ಜೀವಿಯನ್ನು ಕಟ್ಟಿ ಕೂಡಿಹಾಕುವುದು. ಕೊಲ್ಲದಿದ್ದರೂ ಅದು ದೋಷ. ಕೂಡಿಹಾಕಿ ಕೊಲ್ಲುವುದರಲ್ಲಿ ಎರಡು ಪಾಪಗಳು ಸೇರುತ್ತವೆ.

1578ರಲ್ಲಿ ಪಂಜಾಬಿನ ಭೇರಾ ಬಳಿ ಕಮರ್ಗಾ ಇನ್ನೇನು ಮುಗಿಯುವ ಹಂತದಲ್ಲಿತ್ತು. ಅಕ್ಬರ್ ಇದ್ದಕ್ಕಿದ್ದಂತೆ ಬೇಟೆ ನಿಲ್ಲಿಸಿ, ಸುತ್ತುವರಿದ ಪ್ರಾಣಿಗಳನ್ನೆಲ್ಲ ಬಿಟ್ಟುಬಿಡಲು ಆಜ್ಞಾಪಿಸಿದ. ಇದು ಆಚಾರ್ಯರ ಭೇಟಿಗಿಂತ ಐದು ವರ್ಷ ಮುಂಚಿನ ಮಾತು. ಅರಸನ ಮನಸ್ಸಿನಲ್ಲಿ ಆಗಲೇ ಏನೋ ಕದಲಿತ್ತು. ಅದನ್ನು ಧರ್ಮದ ಕಡೆಗೆ ತಿರುಗಿಸುವ ಗುರು ಆಮೇಲೆ ಬಂದರು.

ಫತೇಪುರ ಸಿಕ್ರಿಯಲ್ಲಿ

ಚಂಪಾ ಎಂಬ ಶ್ರಾವಿಕೆ ಆರು ತಿಂಗಳ ಉಪವಾಸ ಮಾಡಿದ್ದನ್ನು ಕಂಡು ಬೆರಗಾದ ಅಕ್ಬರ್, ಆಕೆಯ ಗುರು ಯಾರೆಂದು ವಿಚಾರಿಸಿ ಆಚಾರ್ಯರಿಗೆ ಆಮಂತ್ರಣ ಕಳುಹಿಸಿದನೆಂದು ಪರಂಪರೆ ಹೇಳುತ್ತದೆ. ಗುಜರಾತಿನ ಸುಬೇದಾರ ಕುದುರೆ, ಪಲ್ಲಕ್ಕಿ, ಹಣ ಎಲ್ಲವನ್ನೂ ಸಿದ್ಧಪಡಿಸಿದ್ದ. ಆಚಾರ್ಯರು ಯಾವುದನ್ನೂ ಮುಟ್ಟಲಿಲ್ಲ. ಗಂಧಾರ ಬಂದರಿನಿಂದ ಕಾಲ್ನಡಿಗೆಯಲ್ಲೇ ವಿಹಾರ ಮಾಡಿ 1583ರಲ್ಲಿ ಫತೇಪುರ ಸಿಕ್ರಿ ತಲುಪಿದರು.

ಮೊದಲು ಅವರನ್ನು ಬರಮಾಡಿಕೊಂಡವನು ವಿದ್ವಾಂಸ ಅಬುಲ್ ಫಜಲ್. ಅರಮನೆಯಲ್ಲಿ ಹಾಸಿದ್ದ ರತ್ನಗಂಬಳಿಯ ಮೇಲೆ ಆಚಾರ್ಯರು ಕಾಲಿಡಲಿಲ್ಲ, ಅಡಿಯಲ್ಲಿ ಜೀವಿಗಳಿರಬಹುದೆಂದರು. ಗಂಬಳಿ ಎತ್ತಿ ನೋಡಿದಾಗ ಇರುವೆಗಳು ಕಂಡವೆಂದು ಪರಂಪರೆಯ ಕಥೆ. ಅಕ್ಬರ್ ತನ್ನ ಬಳಿಯಿದ್ದ ಜೈನ ಹಸ್ತಪ್ರತಿಗಳ ಭಂಡಾರವನ್ನು ಅರ್ಪಿಸಿದಾಗಲೂ ಅವರು ಅದನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಆಗ್ರಾದ ಗ್ರಂಥಾಲಯಕ್ಕೆ ಸೇರಿಸಿದರು.

ಏನು ಬೇಕಾದರೂ ಕೇಳಬಹುದೆಂದು ಅರಸ ಹೇಳಿದಾಗ ಆಚಾರ್ಯರು ಕೇಳಿದ್ದು ಪಂಜರದ ಹಕ್ಕಿಗಳ ಮತ್ತು ಸೆರೆಯಲ್ಲಿದ್ದವರ ಬಿಡುಗಡೆಯನ್ನು. ಪರ್ಯೂಷಣದ ಎಂಟು ದಿನ ಪ್ರಾಣಿವಧೆ ನಿಲ್ಲಿಸುವುದನ್ನು. ಅಕ್ಬರ್ ತನ್ನ ಕಡೆಯಿಂದ ನಾಲ್ಕು ದಿನ ಸೇರಿಸಿ, ಭಾದ್ರಪದ ಶುದ್ಧ ಷಷ್ಠಿಯವರೆಗೆ ಒಟ್ಟು 12 ದಿನಗಳಿಗೆ ಫರ್ಮಾನು ಹೊರಡಿಸಿದ. ಶುದ್ಧ ಪಂಚಮಿಗೆ ಆರಂಭವಾಗುವ ದಶಲಕ್ಷಣ ಪರ್ವದ ಮೊದಲ ದಿನಗಳೂ ಇದರಲ್ಲಿ ಸೇರಿದವು. ಸಿಕ್ರಿಯ ಡಾಬರ್ ಕೆರೆಯಲ್ಲಿ ಮೀನು ಹಿಡಿಯುವುದೂ ನಿಂತಿತು. 1584ರಲ್ಲಿ ಜಗದ್ಗುರು ಬಿರುದು ಬಂತು. ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ವಿದ್ವಾಂಸರ ಮೊದಲ ಶ್ರೇಣಿಯಲ್ಲೇ ಇವರ ಹೆಸರನ್ನು ಬರೆದ.

ಅರಸನ ಮಾತು, ಅರಸನ ಕಾಲ

ಆಜ್ಞೆಯ ಆಯುಷ್ಯ ಅರಸನ ಮನಸ್ಸು ಇರುವವರೆಗೆ ಮಾತ್ರ ಎಂಬುದು ಆಚಾರ್ಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ತಾವು ಗುಜರಾತಿಗೆ ಮರಳುವಾಗ ಉಪಾಧ್ಯಾಯ ಶಾಂತಿಚಂದ್ರರನ್ನು ಅಲ್ಲೇ ಬಿಟ್ಟರು. ಅವರು ಅಕ್ಬರನ ದಯೆಯ ಕಾರ್ಯಗಳನ್ನು ಕೃಪಾರಸಕೋಶ ಎಂಬ ಸಂಸ್ಕೃತ ಕೃತಿಯಲ್ಲಿ ಬಣ್ಣಿಸಿದರು. ಬಳಿಕ ಭಾನುಚಂದ್ರ ಗಣಿಗಳು ಆಸ್ಥಾನದಲ್ಲಿದ್ದರು. ಆದರೂ ಅಕ್ಬರನ ಮಗ ಜಹಾಂಗೀರ್, ತಾನೇ ಕೊಂದ ಪ್ರಾಣಿಪಕ್ಷಿಗಳ ಸಂಖ್ಯೆ 17,167 ಎಂದು ತನ್ನ ಆತ್ಮಕಥೆಯಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ.

ಹೀರವಿಜಯ ಸೂರಿಗಳು 1595ರಲ್ಲಿ ಸೌರಾಷ್ಟ್ರದ ಊನಾದಲ್ಲಿ ದೇಹತ್ಯಾಗ ಮಾಡಿದರು. ಅದೇ ಸೌರಾಷ್ಟ್ರದ ಗಿರನಾರ್‌ನಲ್ಲಿ ಭಗವಾನ್ ನೇಮಿನಾಥರು ತಪಸ್ಸಿಗೆ ನಿಂತದ್ದು. ಮದುವೆಯ ದಿಬ್ಬಣದ ದಾರಿಯಲ್ಲಿ ದೊಡ್ಡಿಯೊಳಗೆ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಕೇಳಿ ಅವರು ರಥ ತಿರುಗಿಸಿದ ಕಥೆಯನ್ನು ಕರ್ಣಪಾರ್ಯನ ಕಾಲದಿಂದ ಕನ್ನಡಿಗರು ಕೇಳುತ್ತ ಬಂದಿದ್ದಾರೆ. ಆಚಾರ್ಯರು ಅಕ್ಬರನಲ್ಲಿ ಬೇಡಿದ್ದೂ ಆ ದೊಡ್ಡಿಯ ಬಾಗಿಲು ತೆರೆಯುವುದನ್ನೇ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಮೋಜಿನ ಬೇಟೆಗೆ ಅವಕಾಶವಿಲ್ಲ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಸಿಂಹಗಳನ್ನು ಮರಿಯಿಂದ ಸಾಕಿ, ಬೇಲಿಯೊಳಗೆ ಬಿಟ್ಟು, ಹಣ ಕೊಟ್ಟವರಿಗೆ ಗುಂಡಿಕ್ಕಲು ಒಪ್ಪಿಸುವ ದಂಧೆ ನಮ್ಮ ಕಾಲದಲ್ಲೇ ಬೆಳೆಯಿತು. ಕಮರ್ಗಾದ ಹೆಸರು ಮರೆಯಾದರೂ ಬೇಲಿ ಉಳಿದಿದೆ. ಈ ಬಾರಿಯ ಪರ್ವದಲ್ಲಿ ಪಂಜರದ ಹಕ್ಕಿಯೊಂದನ್ನೂ ಕೊಳ್ಳದಿರುವ, ಮಕ್ಕಳಿಗೆ ಬಂಧವೂ ಹಿಂಸೆಯೆಂದು ತಿಳಿಸುವ ಮನೆಯಲ್ಲಿ ಜಗದ್ಗುರುಗಳ ಆ ಬೇಡಿಕೆ ಮುಂದುವರಿಯುತ್ತದೆ. ಅದಕ್ಕೆ ಯಾವ ಫರ್ಮಾನೂ ಬೇಕಿಲ್ಲ.