ಬೆಳಕಿನ ಬೆನ್ನು ಹತ್ತಿದ ರೋಮರ್

ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ದೊರೆಯುವುದೆಂಬ ಲೆಕ್ಕವನ್ನು ನೀವು ಕೆಳಗಿನ ತರಗತಿಗಳಲ್ಲಿಯೇ ಕಲಿತಿದ್ದೀರಿ. ಮೂರರಲ್ಲಿ ಎರಡು ತಿಳಿದರೆ ಮೂರನೆಯದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಆದರೆ ಓಡುವುದು ಬೆಳಕೇ ಆದರೆ ಅದಕ್ಕೆ ತಗಲುವ ಕಾಲವನ್ನು ಅಳೆಯುವ ಬಗೆ ಹೇಗೆ? ಗೆಲಿಲಿಯೋ ಎರಡು ದೀಪಗಳಿಂದ ಅದನ್ನು ಅಳೆಯುವ ಉಪಾಯವನ್ನು ಸೂಚಿಸಿದ್ದನು. ಭೂಮಿಯ ಮೇಲಿನ ದೂರಗಳು ಬೆಳಕಿನ ಓಟಕ್ಕೆ ಏನೇನೂ ಸಾಲವು. ಬೆಳಕು ಹೊರಟೊಡನೆಯೇ ತಲಪುತ್ತದೆ, ಅದಕ್ಕೆ ಕಾಲವೇ ಬೇಡವೆಂದು ಡೆಕಾರ್ಟ್‌ನಂತಹ ಪಂಡಿತನೂ ನಂಬಿದ್ದನು.

ಈ ಒಗಟನ್ನು ಬಿಡಿಸಿದ ಓಲೆ ರೋಮರ್ 1644ರಲ್ಲಿ ಡೆನ್ಮಾರ್ಕಿನ ಆರ್ಹುಸ್ ಪಟ್ಟಣದಲ್ಲಿ ಜನಿಸಿದನು. ಕೋಪನ್‌ಹೇಗನ್ನಿನಲ್ಲಿ ವ್ಯಾಸಂಗ ಮಾಡಿದನು. 1671ರಲ್ಲಿ ಆ ದೇಶಕ್ಕೆ ಬಂದಿದ್ದ ಫ್ರೆಂಚ್ ಖಗೋಳಜ್ಞ ಪಿಕಾರನು ಈ ತರುಣನ ಕೌಶಲವನ್ನು ಮೆಚ್ಚಿ, ಮರುವರ್ಷ ಪ್ಯಾರಿಸಿಗೆ ಕರೆದೊಯ್ದನು.

ಅಲ್ಲಿ ರೋಮರನ ಗಮನವನ್ನು ಸೆಳೆದುದು ಗುರುಗ್ರಹದ ಅಯೋ ಎಂಬ ಉಪಗ್ರಹ. ಅದು ಸುಮಾರು ನಲವತ್ತೆರಡೂವರೆ ಗಂಟೆಗೊಮ್ಮೆ ಗುರುವಿನ ನೆರಳನ್ನು ಹೊಕ್ಕು ಹೊರಬರುತ್ತದೆ. ಗಡಿಯಾರದಂತೆ ನಡೆಯಬೇಕಾದ ಈ ಗ್ರಹಣವು, ಭೂಮಿಯು ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ತಡವಾಗಿಯೂ ಸಮೀಪಿಸುವ ತಿಂಗಳುಗಳಲ್ಲಿ ಬೇಗನೆಯೂ ಕಾಣುತ್ತಿದ್ದಿತು. ಅಯೋ ತನ್ನ ನಡೆಯನ್ನು ತಪ್ಪಿಲ್ಲ, ಅದರ ಬೆಳಕು ನಡೆಯಬೇಕಾದ ದಾರಿಯೇ ಉದ್ದವಾಗಿದೆಯೆಂದು ರೋಮರನು ತರ್ಕಿಸಿದನು. ಮನೆಯವರು ದಿನವೂ ಒಂದೇ ಹೊತ್ತಿಗೆ ಕಾಗದ ಹಾಕಿದರೂ, ನಾವು ಊರಿನಿಂದ ದೂರ ಹೋದಷ್ಟೂ ಅದು ತಡವಾಗಿ ಕೈಸೇರುವುದಿಲ್ಲವೇ? ಹಾಗೆಯೇ ಇದು.

1676ರ ನವೆಂಬರ್ 9ರಂದು ಅಯೋ ನೆರಳಿನಿಂದ ಹೊರಬರುವುದು ಹತ್ತು ನಿಮಿಷ ತಡವಾಗಿ ಕಾಣುವುದೆಂದು ಆತನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಮುಂಚಿತವಾಗಿಯೇ ತಿಳಿಸಿದನು. ಮಾತು ಸುಳ್ಳಾಗಿದ್ದರೆ ಪರದೇಶದ ಆ ತರುಣನು ನಗೆಗೀಡಾಗುತ್ತಿದ್ದನು. ಅಂದು ಸಂಜೆ ಅಯೋ ಕಾಣಿಸಿಕೊಂಡಿತು. ಸರಿಯಾಗಿ ಹತ್ತು ನಿಮಿಷ ತಡವಾಗಿ!

ಆದರೂ ಪ್ಯಾರಿಸ್ ವೀಕ್ಷಣಾಲಯದ ಹಿರಿಯನಾದ ಕಸೀನಿ ಒಪ್ಪಲಿಲ್ಲ. ಭೂಮಿಯ ಕಕ್ಷೆಯ ವ್ಯಾಸವನ್ನು ದಾಟಲು ಬೆಳಕಿಗೆ 22 ನಿಮಿಷ ಬೇಕೆಂಬುದು ರೋಮರನ ಎಣಿಕೆ. ನಿಜವಾಗಿ ಬೇಕಾದುದು ಸುಮಾರು 16 ನಿಮಿಷ 40 ಸೆಕೆಂಡು. ಅಂದಿನ ಉಪಕರಣಗಳನ್ನು ನೆನೆದರೆ ಈ ತಪ್ಪು ದೊಡ್ಡದಲ್ಲ. ಆತನು ಕಾಲವನ್ನು ಹೇಳಿದನೇ ಹೊರತು ವೇಗವನ್ನು ಹೇಳಲಿಲ್ಲ. ದೂರವನ್ನು ಸೇರಿಸಿ ಭಾಗಿಸಿದವನು ಹಾಲೆಂಡಿನ ಹೈಗನ್ಸ್. ಅವನಿಗೆ ದೊರೆತ ಉತ್ತರ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿಗೂ ಮಿಗಿಲು. ಇಂದು ನಮಗೆ ತಿಳಿದಿರುವ ವೇಗ ಸುಮಾರು ಮೂರು ಲಕ್ಷ.

1681ರಲ್ಲಿ ಸ್ವದೇಶಕ್ಕೆ ಮರಳಿದ ರೋಮರನು ಪ್ರಾಧ್ಯಾಪಕನಾದನು. ಮುಂದೆ ಕೋಪನ್‌ಹೇಗನ್ನಿನ ಪೊಲೀಸ್ ಮುಖ್ಯಾಧಿಕಾರಿಯಾಗಿ ನಗರದ ನೀರು, ಚರಂಡಿಗಳ ವ್ಯವಸ್ಥೆಯನ್ನೂ ನೋಡಿಕೊಂಡನು. 1710ರಲ್ಲಿ ತೀರಿಕೊಂಡನು. 1728ರಲ್ಲಿ ಆ ನಗರಕ್ಕೆ ಬಿದ್ದ ಬೆಂಕಿಯಲ್ಲಿ ಆತನ ಬರಹಗಳ ಬಹುಭಾಗ ಬೂದಿಯಾಯಿತು. ಅದೇ ವರ್ಷ ಇಂಗ್ಲೆಂಡಿನ ಬ್ರಾಡ್ಲಿ, ನಕ್ಷತ್ರಗಳ ಸ್ಥಾನವನ್ನು ಅಳೆಯುತ್ತ, ಬೆಳಕಿಗೂ ಕಾಲ ಬೇಕೆಂಬುದನ್ನು ಬೇರೊಂದು ದಾರಿಯಿಂದ ಕಂಡುಕೊಂಡನು.