ಗಾಳಿಯಿಂದ ಶಾಲೆಗೆ ಬೆಳಕು ಕೊಟ್ಟ ಮೇಷ್ಟ್ರು: ಆ ತಂತ್ರಜ್ಞಾನವನ್ನು ಯಾರಾದರೂ ಮುಚ್ಚಿಟ್ಟರೇ?

ಗಾಳಿಯಿಂದ ಹೈಡ್ರೋಜನ್ ತಯಾರಿಸಿ ಮನೆಗೆ ಉಚಿತ ವಿದ್ಯುತ್, ದೊಡ್ಡ ಕಂಪನಿಗಳು ಮುಚ್ಚಿಟ್ಟ ರಹಸ್ಯ, ಎಲ್ಲರಿಗೂ ಶೇರ್ ಮಾಡಿ. ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಗಾಳಿಯಿಂದ ಹೈಡ್ರೋಜನ್ ಮಾಡಿ ದೀಪ ಹಚ್ಚಬಹುದು. 1895ರಲ್ಲೇ ಡೆನ್ಮಾರ್ಕಿನ ಒಂದು ಹಳ್ಳಿಯ ಶಾಲೆಯಲ್ಲಿ ಹಚ್ಚಿದ್ದರು. ಆದರೆ ಅದನ್ನು ಯಾರೂ ಮುಚ್ಚಿಡಲಿಲ್ಲ. ಹಚ್ಚಿದ ಮನುಷ್ಯನೇ ಏಳು ವರ್ಷಗಳ ನಂತರ ಅದನ್ನು ಕೈಬಿಟ್ಟರು. ಯಾಕೆ ಬಿಟ್ಟರು ಅನ್ನುವುದು ಮನೆಗೆ, ತೋಟಕ್ಕೆ ಸೋಲಾರ್ ಅಥವಾ ಗಾಳಿಯಂತ್ರ ಹಾಕಿಸಲು ಯೋಚಿಸುತ್ತಿರುವ ಎಲ್ಲರಿಗೂ ಬೇಕಾದ ವಿಷಯ ಅಂತ ನಮಗನಿಸುತ್ತದೆ.

ಅವರ ಹೆಸರು ಪೋಲ್ ಲಾ ಕೂರ್. ಹುಟ್ಟಿದ್ದು 1846ರಲ್ಲಿ, ಡೆನ್ಮಾರ್ಕಿನ ಜಟ್ಲೆಂಡ್ ಭಾಗದ ಒಂದು ಕೃಷಿಕ ಮನೆಯಲ್ಲಿ. ಓದಿದ್ದು ಭೌತಶಾಸ್ತ್ರ ಮತ್ತು ಹವಾಮಾನ ವಿಜ್ಞಾನ. 1872ರಲ್ಲಿ ಡೆನ್ಮಾರ್ಕಿನ ಹವಾಮಾನ ಸಂಸ್ಥೆ ಶುರುವಾದಾಗ ಇನ್ನೂ ಮೂವತ್ತು ದಾಟದ ಈ ಯುವಕ ಅಲ್ಲಿ ಉಪನಿರ್ದೇಶಕರಾದರು. ಜೊತೆಜೊತೆಗೆ ಟೆಲಿಗ್ರಾಫ್ ಮೇಲೂ ಪ್ರಯೋಗ ನಡೆಸಿದರು. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹಲವು ಸಂದೇಶ ಕಳಿಸುವ ವಿಧಾನ, ಶ್ರುತಿಕವೆಯ ಕಂಪನದ ತಾಳಕ್ಕೆ ತಪ್ಪದೆ ತಿರುಗುವ ಚಕ್ರ, ಹೀಗೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಲಿಶಾ ಗ್ರೇ ಕೂಡ ಇದೇ ದಾರಿಯಲ್ಲಿದ್ದರು. ಆ ಪೈಪೋಟಿಯಲ್ಲಿ ಲಾ ಕೂರ್‌ಗೆ ದೊಡ್ಡ ಹೆಸರೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

1878ರಲ್ಲಿ ಅವರು ರಾಜಧಾನಿಯ ಕೆಲಸ ಬಿಟ್ಟು ಆಸ್ಕೋವ್ ಎಂಬ ಹಳ್ಳಿಗೆ ಮೇಷ್ಟ್ರಾಗಿ ಹೋದರು. ಅದು ಜನತಾ ಪ್ರೌಢಶಾಲೆ. ನಮ್ಮ ಹೈಸ್ಕೂಲಿನಂಥದ್ದಲ್ಲ, ವಯಸ್ಸಿಗೆ ಬಂದ ರೈತರ ಮಕ್ಕಳು ಬಂದು ಉಳಿದು ಓದುವ, ಪರೀಕ್ಷೆಯಿಲ್ಲದ ಶಾಲೆ. ಅಲ್ಲಿ ಲಾ ಕೂರ್ ಗಣಿತ, ಭೌತಶಾಸ್ತ್ರ ಹೇಳಿಕೊಟ್ಟರು.

ಆ ಕಾಲದಲ್ಲಿ ವಿದ್ಯುತ್ ಅಂದರೆ ಪಟ್ಟಣದ ಸೊತ್ತು. ಕಲ್ಲಿದ್ದಲು ಸುಟ್ಟು ನಡೆಸುವ ಯಂತ್ರ ಪಟ್ಟಣದಲ್ಲಿತ್ತು, ಬೆಳಕೂ ಅಲ್ಲೇ, ಕಾರ್ಖಾನೆಯೂ ಅಲ್ಲೇ. ಹಳ್ಳಿಯ ಹುಡುಗರು ಅತ್ತ ಹೊರಟಿದ್ದರು. ಡೆನ್ಮಾರ್ಕಿಗೆ ತನ್ನದೇ ಆದ ಕಲ್ಲಿದ್ದಲು ಗಣಿಯೂ ಇಲ್ಲ, ಬೆಟ್ಟದಿಂದ ಧುಮುಕುವ ನದಿಯೂ ಇಲ್ಲ. ಇದ್ದದ್ದು ಗಾಳಿ. ಹಿಟ್ಟು ಬೀಸುವ ಗಾಳಿಗಿರಣಿಗಳು ಊರೂರಲ್ಲೂ ಇದ್ದವು. ಅದೇ ಗಾಳಿಯಿಂದ ಹಳ್ಳಿಗೆ ವಿದ್ಯುತ್ ಕೊಟ್ಟರೆ ಹೇಗೆ ಅನ್ನುವುದು ಮೇಷ್ಟ್ರ ಯೋಚನೆ. 1891ರಲ್ಲಿ ಸರ್ಕಾರದ ಹಣದ ನೆರವಿನಿಂದ ಆಸ್ಕೋವ್‌ನಲ್ಲಿ ಅವರ ಪ್ರಾಯೋಗಿಕ ಗಾಳಿಗಿರಣಿ ಎದ್ದು ನಿಂತಿತು. 1897ರಲ್ಲಿ ಇನ್ನೊಂದು, ಮೊದಲಿನದಕ್ಕಿಂತ ದೊಡ್ಡದು.

ಮೊದಲ ತೊಡಕು, ಗಾಳಿ ಒಂದೇ ಸಮ ಬೀಸುವುದಿಲ್ಲ. ಹಿಟ್ಟು ಬೀಸುವಾಗ ಕಲ್ಲು ಒಂದು ಕ್ಷಣ ಜೋರಾಗಿ, ಇನ್ನೊಂದು ಕ್ಷಣ ನಿಧಾನವಾಗಿ ತಿರುಗಿದರೂ ನಡೆದೀತು. ಡೈನಮೊಗೆ ಆ ಆಟ ನಡೆಯುವುದಿಲ್ಲ. ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಅರ್ಧಕ್ಕಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. (ಸುತ್ತ ಮರ, ಕಟ್ಟಡ ಇರುವ ತಾರಸಿಯ ಮೇಲೆ ಪುಟ್ಟ ಗಾಳಿಯಂತ್ರ ಕೂರಿಸಿದರೆ ಕರೆಂಟ್ ಬಿಲ್ಲೇ ಬರುವುದಿಲ್ಲ ಅನ್ನುವ ಜಾಹೀರಾತು ನೋಡಿದಾಗ ಈ ಲೆಕ್ಕ ಕೈಯಲ್ಲಿರಲಿ.) ಲಾ ಕೂರ್ ಇದಕ್ಕೆ ರಾಟೆ, ಪಟ್ಟಿ ಮತ್ತು ತೂಕದ ಕಲ್ಲುಗಳಿಂದ ಒಂದು ಸಾಧನ ಮಾಡಿದರು. ಗಾಳಿ ಜೋರಾದರೆ ಪಟ್ಟಿ ಜಾರುತ್ತದೆ, ಹೆಚ್ಚುವರಿ ಎಳೆತ ಡೈನಮೊ ತಲುಪುವುದೇ ಇಲ್ಲ. ಊರಿನ ಕಮ್ಮಾರ ರಿಪೇರಿ ಮಾಡಬಹುದಾದಷ್ಟು ಸರಳ.

ಎರಡನೆಯ ತೊಡಕು ದೊಡ್ಡದು. ಗಾಳಿ ಬೀಸುವಾಗ ಬೆಳಕು ಬೇಕಿರುವುದಿಲ್ಲ, ಬೆಳಕು ಬೇಕಾದಾಗ ಗಾಳಿ ಇರುವುದಿಲ್ಲ. ಶಕ್ತಿಯನ್ನು ಎಲ್ಲಾದರೂ ಕೂಡಿಡಬೇಕು. ಆಗ ಬ್ಯಾಟರಿ ದುಬಾರಿ. ಹಾಗಾಗಿ ಲಾ ಕೂರ್ ವಿದ್ಯುತ್ತನ್ನು ನೀರಿಗೆ ಹಾಯಿಸಿ, ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆದು, ಅನಿಲವನ್ನು ತೊಟ್ಟಿಯಲ್ಲಿ ತುಂಬಿಟ್ಟರು. ಹೈಡ್ರೋಜನ್ ತೊಟ್ಟಿಯ ಅಳತೆ 12 ಘನ ಮೀಟರ್. ಅಲ್ಲಿಂದ ಕೊಳವೆಯಲ್ಲಿ ಶಾಲೆಗೆ. 1895ರಿಂದ 1902ರವರೆಗೆ ಆಸ್ಕೋವ್ ಶಾಲೆ ಈ ಅನಿಲದ ದೀಪದಲ್ಲೇ ಓದಿತು, ಒಂದು ದಿನವೂ ಹೈಡ್ರೋಜನ್ ಖಾಲಿಯಾಗಲಿಲ್ಲ ಎಂಬ ದಾಖಲೆ ಇದೆ.

ಫಾರ್ವರ್ಡ್ ಸಂದೇಶಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಮುಂದಿನದು ಕೇಳಿ. ಹೈಡ್ರೋಜನ್ ಜೊತೆ ಸ್ವಲ್ಪ ಆಮ್ಲಜನಕ ಬೆರೆತರೂ ಅದು ಸಿಡಿಯುವ ಮಿಶ್ರಣ. ಹಾಗೆ ಬೆರೆತು, ಸಿಡಿದು, ಶಾಲೆಯ ಕಟ್ಟಡಗಳ ಕಿಟಕಿ ಗಾಜುಗಳನ್ನು ಹಲವು ಸಲ ಹೊಸದಾಗಿ ಹಾಕಿಸಬೇಕಾಯಿತು. ಒಳಗಿದ್ದವರು ವಿದ್ಯಾರ್ಥಿಗಳು. ಅದೂ ಅಲ್ಲದೆ ಗಾಳಿಯಿಂದ ವಿದ್ಯುತ್, ವಿದ್ಯುತ್ತಿನಿಂದ ಅನಿಲ, ಅನಿಲದಿಂದ ಬೆಳಕು ಅನ್ನುವ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಶಕ್ತಿ ಸೋರಿಹೋಗುತ್ತದೆ. ಏಳು ವರ್ಷ ಬೆವರು ಸುರಿಸಿದ ಕೆಲಸದ ಮೇಲೆ ಯಾರಿಗೇ ಆದರೂ ಮಮತೆ ಇರುತ್ತದೆ. ಆದರೂ 1902ರಲ್ಲಿ ಶಾಲೆ ಸೀಸ-ಆಮ್ಲದ ಬ್ಯಾಟರಿಗೆ, ವಿದ್ಯುತ್ ಬಲ್ಬಿಗೆ ಬದಲಾಯಿತು. ನಿಮ್ಮ ಮನೆಯ ಇನ್ವರ್ಟರ್ ಪಕ್ಕದಲ್ಲಿ ಕೂತಿರುವ, ಆಗಾಗ ನೀರು ಕೇಳುವ ಬ್ಯಾಟರಿ ಇದೆಯಲ್ಲ, ಅದೇ ಜಾತಿ.

ಬ್ಯಾಟರಿಗೂ ಒಂದು ತಕರಾರಿತ್ತು. ಗಾಳಿ ನಿಂತಾಗ ಬ್ಯಾಟರಿಯ ವಿದ್ಯುತ್ ಡೈನಮೊಗೆ ವಾಪಸ್ ಹರಿದು ಪೋಲಾಗುತ್ತದೆ. ಅದನ್ನು ತಡೆಯಲು ತಾನೇ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ ಒಂದನ್ನು ಲಾ ಕೂರ್ ರೂಪಿಸಿದರು. ಇವತ್ತು ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ನಡುವೆ ಚಾರ್ಜ್ ಕಂಟ್ರೋಲರ್ ಮಾಡುವ ಕೆಲಸಗಳಲ್ಲಿ ಇದೂ ಒಂದು.

ರೆಕ್ಕೆಗಳ ಮೇಲೂ ಅವರು ಪ್ರಯೋಗ ಮಾಡಿದರು. ಕೊಳವೆಯೊಳಗೆ ಫ್ಯಾನಿನಿಂದ ಗಾಳಿ ಊದಿ, ಪುಟ್ಟ ಮಾದರಿ ರೆಕ್ಕೆಗಳನ್ನು ಇಟ್ಟು ಅಳೆದರು. ವಿದ್ಯುತ್ ಮಾಡಬೇಕಾದರೆ ತುಂಬಾ ರೆಕ್ಕೆಗಳಿಗಿಂತ ವೇಗವಾಗಿ ತಿರುಗುವ ಕೆಲವೇ ರೆಕ್ಕೆಗಳು ಮೇಲು ಎಂದು ಕಂಡಿತು. ಚಿತ್ರದುರ್ಗ, ಗದಗದ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಮೇಲಿನ ಯಂತ್ರಗಳಿಗೆ ಬರೀ ಮೂರು ರೆಕ್ಕೆ ಯಾಕೆ ಅಂತ ಮಕ್ಕಳು ಕೇಳಿದರೆ ಇದನ್ನು ಹೇಳಬಹುದು.

ಇಷ್ಟೆಲ್ಲ ಮಾಡಿದವರು ಗುಟ್ಟು ಕಾಪಾಡಲಿಲ್ಲ. 1903ರಲ್ಲಿ ಗಾಳಿ ವಿದ್ಯುತ್ತಿಗೆಂದೇ ಒಂದು ಸಂಘ ಕಟ್ಟಿದರು. ಹಳ್ಳಿಯವರು ಕೇಳಿದರೆ ಎಷ್ಟು ದೊಡ್ಡ ಯಂತ್ರ ಬೇಕು, ಎಷ್ಟು ಬ್ಯಾಟರಿ ಬೇಕು ಎಂದು ಸಲಹೆ ಕೊಡುವುದು ಅದರ ಕೆಲಸ. ಮರುವರ್ಷ ಒಂದು ಪತ್ರಿಕೆ. ಅದೇ 1904ರಲ್ಲಿ ಹಳ್ಳಿಯ ಎಲೆಕ್ಟ್ರಿಷಿಯನ್‌ಗಳಿಗಾಗಿ ಆಸ್ಕೋವ್‌ನಲ್ಲಿ ಕೋರ್ಸ್. ನಮ್ಮ ಮಟ್ಟಿಗೆ ಇಡೀ ಬದುಕಿನಲ್ಲಿ ಅವರು ಮಾಡಿದ ಅತಿ ಮುಖ್ಯ ಕೆಲಸ ಇದೇ. ಯಂತ್ರ ಕೆಟ್ಟಾಗ ಸೈಕಲ್ಲೇರಿ ಬಂದು ಸರಿಮಾಡುವ ಹುಡುಗ ಊರಲ್ಲಿ ಇಲ್ಲದಿದ್ದರೆ ಎಂಥ ಯಂತ್ರವೂ ತುಕ್ಕು ಹಿಡಿಯುತ್ತದೆ. ಸರ್ವೀಸ್‌ಗೆ ಜನ ಸಿಗದೆ ಸೋಲಾರ್ ಹೀಟರ್ ಮೂಲೆಗೆ ಬಿದ್ದಿರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಅವರ ಮಾದರಿಯ ಹಳ್ಳಿ ವಿದ್ಯುತ್ ಕೇಂದ್ರದಲ್ಲಿ ಗಾಳಿಯಂತ್ರ, ಬ್ಯಾಟರಿ ಜೊತೆಗೆ ಗಾಳಿಯಿಲ್ಲದ ದಿನಗಳಿಗೆಂದು ಎಣ್ಣೆಯ ಎಂಜಿನ್ ಕೂಡ ಇರುತ್ತಿತ್ತು. ಗಾಳಿಯೊಂದೇ ಸಾಕು ಎಂದು ಅವರು ಯಾರನ್ನೂ ನಂಬಿಸಲಿಲ್ಲ.

ಲಾ ಕೂರ್ 1908ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ. ಮುಂದೆ ಮೊದಲ ಮಹಾಯುದ್ಧ ಬಂದು ಎಣ್ಣೆ, ಕಲ್ಲಿದ್ದಲು ಸಿಗದಂತಾದಾಗ ಅವರ ಯಂತ್ರಗಳಿಗೆ ಬೇಡಿಕೆ ಏರಿತು. 1918ರ ಹೊತ್ತಿಗೆ ಡೆನ್ಮಾರ್ಕಿನ ಸುಮಾರು 120 ಸ್ಥಳೀಯ ವಿದ್ಯುತ್ ಕೇಂದ್ರಗಳಲ್ಲಿ ಗಾಳಿಯಂತ್ರ ಇತ್ತು. ಒಂದೊಂದೂ 20ರಿಂದ 35 ಕಿಲೋವ್ಯಾಟ್; ದೇಶದ ವಿದ್ಯುತ್ತಿನ ಶೇ. 3ರಷ್ಟು ಅವುಗಳದ್ದು. ಯುದ್ಧ ಮುಗಿದು ಕಲ್ಲಿದ್ದಲು ಮತ್ತೆ ಅಗ್ಗವಾಯಿತು. ಹಳ್ಳಿ ಕೇಂದ್ರಗಳ ಡಿ.ಸಿ. ವಿದ್ಯುತ್ ಹೆಚ್ಚು ದೂರ ಸಾಗುತ್ತಿರಲಿಲ್ಲ, ದೂರದಿಂದ ಬಂದ ಎ.ಸಿ. ತಂತಿಗಳು ಆ ಜಾಗ ಹಿಡಿದವು. ಪಿತೂರಿ ಹುಡುಕುವವರಿಗೆ ಇಷ್ಟೇ ಸಿಗುವುದು.

1904ರ ಕೋರ್ಸಿನಲ್ಲಿ ಯೊಹಾನೆಸ್ ಯೂಲ್ ಎಂಬ ಹುಡುಗ ಕೂತಿದ್ದ. ಅರ್ಧ ಶತಮಾನದ ನಂತರ ಅದೇ ಯೂಲ್ ಡೆನ್ಮಾರ್ಕಿನ ಗೆಡ್ಸರ್‌ನಲ್ಲಿ ಮೂರು ರೆಕ್ಕೆಯ, 200 ಕಿಲೋವ್ಯಾಟಿನ ಗಾಳಿಯಂತ್ರ ಕಟ್ಟಿದರು. ಅದು ನೇರವಾಗಿ ಎ.ಸಿ. ವಿದ್ಯುತ್ತನ್ನೇ ಕೊಡುತ್ತಿತ್ತು. 1957ರಿಂದ 1967ರವರೆಗೆ ಅದು ಓಡಿತು. 1970ರ ದಶಕದಲ್ಲಿ ತೈಲದ ಬೆಲೆ ಆಕಾಶಕ್ಕೇರಿದಾಗ ವಿಜ್ಞಾನಿಗಳು ಆ ಹಳೆಯ ಯಂತ್ರವನ್ನು ರಿಪೇರಿ ಮಾಡಿ, ಮತ್ತೆ ತಿರುಗಿಸಿ, ಅಳತೆ ತೆಗೆದುಕೊಂಡರು. ಈಗ ಡೆನ್ಮಾರ್ಕ್ ಉತ್ಪಾದಿಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಆಸ್ಕೋವ್‌ನ ದೊಡ್ಡ ಗಿರಣಿ 1929ರಲ್ಲಿ ಬೆಂಕಿಗೆ ಸಿಕ್ಕಿತು. ಉಳಿದ ಕಟ್ಟಡದಲ್ಲಿ ಈಗ ಮೇಷ್ಟ್ರ ಹೆಸರಿನ ವಸ್ತುಸಂಗ್ರಹಾಲಯವಿದೆ.